ಮಳೆಗಾಲದ ಬಿಳಿ ವುಡ್‌ಲೌಸ್ ಬೇಸಿಗೆಯಲ್ಲಿ ಎಲ್ಲಿರುತ್ತದೆ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ಮಾವಿನ ಮರ, ಒಂದು ಹೊಂಗೆ ಮರ ಇವೆ. ಮೃಗಶಿರ ಮಳೆ ಹಿಡಿದ ಮೇಲೆ ಉದುರೆಲೆಯ ಕೆಳಗೆ ಮತ್ತು ಹೂಕುಂಡಗಳ ಅಡಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಉದ್ದದ, ಬಹಳ ಕಾಲುಗಳಿರುವ ಬಿಳಿ ಹುಳುಗಳು ರಾಶಿ ರಾಶಿಯಾಗಿ ಕಾಣುತ್ತವೆ. ಜೊತೆಗೆ ಬೂದುಬಣ್ಣದ, ವೇಗವಾಗಿ ಓಡುವ ದೊಡ್ಡವೂ ಇರುತ್ತವೆ. ಶಿವರಾತ್ರಿಯ ಹೊತ್ತಿಗೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಇವು ಸತ್ತು ಹೋಗುತ್ತವೆಯೇ? ನವಲಗುಂದದ ನಮ್ಮ ಯರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮಳೆಗಾಲದಲ್ಲಿಯೂ ಏಕೆ ಕಾಣುವುದಿಲ್ಲ? ಇವು ಗಿಡದ ಬೇರು ತಿನ್ನುತ್ತವೆ ಎಂದು ನರ್ಸರಿಯವರು ಹೇಳಿದರು, ಔಷಧ ಹೊಡೆಯಬೇಕೇ?

ಉತ್ತರ: ಮೊದಲನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನೆಲದಲ್ಲಿರುವವು ಬೇಸಿಗೆಗೆ ಒಟ್ಟಾಗಿ ಸಾಯುವುದಿಲ್ಲ, ಕೆಳಗಿನ ಪದರಕ್ಕೆ ಇಳಿಯುತ್ತವೆ. ಕುಂಡದಲ್ಲಿರುವವು ಮಾತ್ರ, ಕುಂಡ ಪೂರ್ತಿ ಒಣಗಿದರೆ, ಉಳಿಯುವುದಿಲ್ಲ. ಈ ವ್ಯತ್ಯಾಸದ ಕಾರಣವನ್ನು ತಿಳಿದುಕೊಂಡರೆ ನವಲಗುಂದದ ಹೊಲದ ಪ್ರಶ್ನೆಯೂ ಔಷಧದ ಪ್ರಶ್ನೆಯೂ ಬಹುಮಟ್ಟಿಗೆ ಬಗೆಹರಿಯುತ್ತವೆ, ಏಕೆಂದರೆ ಈ ಜೀವಿಯ ಇಡೀ ಬದುಕು ಮಣ್ಣಿನ ಕಣಗಳ ನಡುವೆ ನಿಂತಿರುವ ತೇವದ ಗಾಳಿಯನ್ನು ಅವಲಂಬಿಸಿದೆ.

ನೀವು ವರ್ಣಿಸಿದ ಎರಡೂ ಬಗೆಯವು ವುಡ್‌ಲೌಸ್ ಗುಂಪಿನವು. ಹುಳು ಎಂದು ರೂಢಿಯಲ್ಲಿ ಕರೆದರೂ ಇವು ಕೀಟಗಳಲ್ಲ. ಏಡಿ ಮತ್ತು ಸಿಗಡಿಗಳಿರುವ ಕಠಿಣಚರ್ಮಿ ವರ್ಗಕ್ಕೆ, ಅದರಲ್ಲಿ ಐಸೊಪೋಡಾ ಎಂಬ ಗಣಕ್ಕೆ ಸೇರಿದವು. ಈ ಗಣದ ಸಾವಿರಾರು ಜಾತಿಗಳು ಇಂದಿಗೂ ಸಮುದ್ರದಲ್ಲಿವೆ. ನೆಲಕ್ಕೆ ಬಂದು ನೆಲೆಸಿದ ಶಾಖೆಯಲ್ಲಿ ಇದುವರೆಗೆ 3,700ಕ್ಕೂ ಹೆಚ್ಚು ಜಾತಿಗಳನ್ನು ವಿಜ್ಞಾನಿಗಳು ವರ್ಣಿಸಿದ್ದಾರೆ. ಎರಡರ ನಡುವಿನ ಬದುಕು ಹೇಗಿರುತ್ತದೆ ಎಂಬುದನ್ನು ನೋಡಬಯಸುವವರು ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ ಅಲೆಯ ಅಂಚಿನಲ್ಲಿ ಸರಸರನೆ ಓಡಾಡುವ ಲಿಜಿಯಾ ಎಂಬ ಪ್ರಾಣಿಯನ್ನು ನೋಡಬಹುದು. ಕಾರವಾರದ ಕಡೆಗೆ ಪ್ರವಾಸ ಹೋದಾಗ ಮಕ್ಕಳಿಗೆ ತೋರಿಸತಕ್ಕ ಜೀವಿ ಅದು.

ಬೂದುಬಣ್ಣದ ದೊಡ್ಡದರ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ಮೈಮೇಲೆ ನೇರಳೆ ಮಿಶ್ರಿತ ಬೂದಿಯಂಥ ಪುಡಿ ಇದ್ದು, ಬೆರಳು ತಾಗಿದರೆ ಅದು ಅಳಿಸಿಹೋಗಿ, ಮುಟ್ಟಿದೊಡನೆ ಚೆಂಡಿನಂತೆ ಸುರುಳಿಯಾಗದೆ ಓಡಿ ತಪ್ಪಿಸಿಕೊಳ್ಳುವುದಾದರೆ ಅದು ಪೋರ್ಸೆಲಿಯೊನೈಡಿಸ್ ಪ್ರುಯಿನೋಸಸ್ ಎಂಬ ಜಾತಿಯ ಲಕ್ಷಣ. ಮನುಷ್ಯನ ಬೆನ್ನು ಹತ್ತಿ ಬೆಚ್ಚನೆಯ ಪ್ರದೇಶಗಳಲ್ಲೆಲ್ಲ ಹರಡಿರುವ ಈ ಜಾತಿಗೆ ತಿಪ್ಪೆ, ಕಾಂಪೋಸ್ಟ್ ಗುಂಡಿ, ದನದ ಕೊಟ್ಟಿಗೆಯ ಅಂಚು ಅಚ್ಚುಮೆಚ್ಚು. ನೀವು ಕೇಳಿರುವುದು ಮುಖ್ಯವಾಗಿ ಚಿಕ್ಕದನ್ನು ಕುರಿತು. ಅದನ್ನು ನಿಧಾನವಾಗಿ ನೋಡಬೇಕು.

ಮೂರು ನಾಲ್ಕು ಮಿಲಿಮೀಟರಿನ ಬಿಳಿ ಜೀವಿ ಎರಡರಲ್ಲಿ ಒಂದಾಗಿರಬಹುದು: ದೊಡ್ಡ ಜಾತಿಯ ಮರಿ, ಇಲ್ಲವೆ ಆ ಗಾತ್ರಕ್ಕೇ ಬೆಳವಣಿಗೆ ಮುಗಿದಿರುವ, ಮಣ್ಣಿನೊಳಗೇ ವಾಸಿಸುವ ಸಣ್ಣ ಜಾತಿಯ ವಯಸ್ಕ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೆರಡನ್ನು ತೆಳ್ಳನೆಯ ಕುಂಚದಿಂದ ಎತ್ತಿ ಗಾಜಿನ ಸಣ್ಣ ಸೀಸೆಗೆ ಹಾಕಿ, ಸೀಸೆಯನ್ನು ಮೇಲಕ್ಕೆತ್ತಿ ಹಿಡಿದು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಿಂದ ಕೆಳಭಾಗವನ್ನು ನೋಡಿ. ಪೂರ್ಣ ಬೆಳೆದ ವುಡ್‌ಲೌಸಿಗೆ ಏಳು ಜೊತೆ ಕಾಲುಗಳಿರುತ್ತವೆ. ತಾಯಿಯ ಚೀಲದಿಂದ ಆಗತಾನೆ ಹೊರಬಂದ ಮರಿಗೆ ಆರೇ ಜೊತೆ, ಏಳನೆಯದು ಒಂದೆರಡು ಬಾರಿ ಪೊರೆ ಕಳಚಿದ ಮೇಲೆ ಮೂಡುತ್ತದೆ. ಮರಿ ಮೂರು ಮಿಲಿಮೀಟರಿಗೆ ಬೆಳೆಯುವ ಹೊತ್ತಿಗೆ ಏಳನೆಯ ಜೊತೆ ಬಂದೇ ಇರುತ್ತದೆಯಾದ್ದರಿಂದ ಕಾಲೆಣಿಕೆ ಒಂದೇ ಸಾಲದು. ಕಾಲುಗಳ ಬುಡದ ನಡುವೆ, ಎದೆಯ ಕೆಳಗೆ, ಉಬ್ಬಿದ ಪಾರದರ್ಶಕ ಚೀಲ ಮತ್ತು ಅದರೊಳಗೆ ಹಳದಿ ಛಾಯೆಯ ದುಂಡನೆಯ ಮೊಟ್ಟೆಗಳು ಕಂಡರೆ ಅನುಮಾನ ಉಳಿಯುವುದಿಲ್ಲ: ಅದು ತಾಯಿ, ಅಂದರೆ ಅದರ ಪೂರ್ಣ ಗಾತ್ರವೇ ಅಷ್ಟು. ಸಣ್ಣ ಜಾತಿಗಳಲ್ಲಿ ಮೊಟ್ಟೆಗಳು ಎಣಿಸಿ ಮುಗಿಸುವಷ್ಟೇ ಇರುತ್ತವೆ; ದೊಡ್ಡವುಗಳಲ್ಲಿ ಹಲವು ಡಜನ್. ಈ ಚೀಲದಲ್ಲಿ ನೀರಿನಂಥ ದ್ರವವಿದ್ದು ಮೊಟ್ಟೆಗಳು ಅದರಲ್ಲಿಯೇ ಬೆಳೆಯುತ್ತವೆ. ಕಪ್ಪೆಯಂತೆ ಸಂತಾನಕ್ಕಾಗಿ ಕೆರೆ ಹೊಂಡ ಹುಡುಕುವ ಅಗತ್ಯ ಇವಕ್ಕೆ ಇಲ್ಲದಿರುವುದು ಇದರಿಂದಲೇ.

ಇನ್ನೊಂದು ಗುರುತು ಕಣ್ಣು. ದೊಡ್ಡ ಜಾತಿಗಳ ಮರಿಗಳಲ್ಲಿಯೂ ತಲೆಯ ಎರಡು ಬದಿಗೆ ಹಲವು ಕಣಗಳು ಸೇರಿದ ಕಪ್ಪು ಕಣ್ಣು ಸ್ಪಷ್ಟವಾಗಿ ಕಾಣುತ್ತದೆ. ಮಣ್ಣಿನೊಳಗಿನ ಸಣ್ಣ ಜಾತಿಗಳಲ್ಲಿ ಅದು ಮೂರು ಕಣಗಳಿಗೋ ಒಂದಕ್ಕೋ ಇಳಿದಿರುತ್ತದೆ; ಕೆಲವಕ್ಕೆ ಕಣ್ಣೇ ಇರುವುದಿಲ್ಲ. ಬೆಳಕು ತಲುಪದ ಕಡೆ ಮೈಬಣ್ಣಕ್ಕೂ ಕಣ್ಣಿಗೂ ಕೆಲಸ ಕಡಿಮೆ. ಯುರೋಪಿನ ಟ್ರೈಕೊನಿಸ್ಕಸ್ ಪುಸಿಲ್ಲಸ್, ಬೆನ್ನ ಮೇಲೆ ಉದ್ದುದ್ದ ಗೆರೆಗಳಂತೆ ಏಣುಗಳಿರುವ ಹ್ಯಾಪ್ಲೋಫ್ತಾಲ್ಮಸ್, ಇರುವೆ ಗೂಡಿನಲ್ಲಿ ಇರುವೆಗಳ ನಡುವೆಯೇ ಬದುಕುವ ಕುರುಡು ಪ್ಲಾಟಿಯಾರ್ತ್ರಸ್, ಉಷ್ಣವಲಯದ ಅಮೆರಿಕದಿಂದ ಸಸಿಗಳ ಬೇರುಮಣ್ಣಿನ ಜೊತೆ ಜಗತ್ತಿನ ಹಲವು ಕಡೆಗಳ ಹಸಿರುಮನೆಗಳಿಗೆ ಹೋಗಿ ಸೇರಿದ ಟ್ರೈಕೊರೈನಾ ಟೊಮೆಂಟೋಸಾ, ಇವೆಲ್ಲ ಒಂದೇ ಕುಟುಂಬದವಲ್ಲದಿದ್ದರೂ ಒಂದೇ ಮೈಕಟ್ಟಿಗೆ ಬಂದು ನಿಂತಿವೆ: ಪುಟ್ಟ ಗಾತ್ರ, ಮಸುಕು ಬಣ್ಣ, ಕುಗ್ಗಿದ ಕಣ್ಣು, ನಿಧಾನ ನಡಿಗೆ. ಕೊನೆಯದರಲ್ಲಿ ಗಂಡಿನ ಅಗತ್ಯವೇ ಇಲ್ಲದೆ ಹೆಣ್ಣುಗಳು ಹೆಣ್ಣುಗಳನ್ನೇ ಹೆರುತ್ತವೆ. ಹಾಗಾಗಿ ನರ್ಸರಿಯಿಂದ ತಂದ ಒಂದು ಸಸಿಯ ಮಣ್ಣಿನಲ್ಲಿ ಒಂದೇ ಒಂದು ಇದ್ದರೂ ಹಿಂಡು ಬೆಳೆಯಲು ಸಾಕು. ನಿಮ್ಮ ಕುಂಡದ ಹಿಂಡು ಎಲ್ಲಿಂದ ಬಂತು ಎಂದು ಯೋಚಿಸುವಾಗ ನರ್ಸರಿಯ ಮಣ್ಣನ್ನು ಮರೆಯಬೇಡಿ.

ಕುಂಡದ ಮಣ್ಣಿನಲ್ಲಿ ಬಿಳಿಯದೆಲ್ಲ ವುಡ್‌ಲೌಸ್ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳುವುದು ಒಳ್ಳೆಯದು. ಮುಟ್ಟಿದೊಡನೆ ನೆಗೆಯುವ, ಆರು ಕಾಲಿನದು ಸ್ಪ್ರಿಂಗ್‌ಟೇಲ್, ನಿರುಪದ್ರವಿ. ದಾರದಷ್ಟು ತೆಳ್ಳಗಿದ್ದು, ಹನ್ನೆರಡು ಜೊತೆ ಕಾಲುಗಳಿದ್ದು, ಉದ್ದನೆಯ ಮೀಸೆಯನ್ನು ಸದಾ ಅಲುಗಾಡಿಸುತ್ತ ಮಣ್ಣಿನ ಸಂದಿಗೆ ನುಸುಳುವುದು ಸಿಂಫಿಲನ್. ಎಳೆ ಬೇರನ್ನು ನಿಜವಾಗಿ ಕೆರೆದು ತಿನ್ನುವುದು ಇದು. ವುಡ್‌ಲೌಸ್ ಚಪ್ಪಟೆಯಾಗಿ ಅಂಡಾಕಾರವಾಗಿರುತ್ತದೆ, ಬೆನ್ನ ಮೇಲೆ ಒಂದರ ಮೇಲೊಂದು ಏರಿದ ಫಲಕಗಳಿರುತ್ತವೆ. ಇವೆರಡನ್ನು ಬೇರ್ಪಡಿಸದೆ ಔಷಧ ಬರೆದುಕೊಡುವುದು ಸರಿಯಾದ ಪದ್ಧತಿಯಲ್ಲ. ದಾಂಡೇಲಿ, ಜೋಯಿಡಾ ಕಡೆಯ ಕಾಡಿನಿಂದ ಮಣ್ಣು ತರಿಸಿದವರಿಗೆ ಗೋಲಿಯಂತೆ ಉರುಟಾಗುವ ದೊಡ್ಡ ಜೀವಿಯೂ ಸಿಗಬಹುದು. ಅದು ಪಶ್ಚಿಮಘಟ್ಟದ ಆರ್ತ್ರೋಸ್ಫೇರಾ ಎಂಬ ಸಹಸ್ರಪದಿ. ಅದರ ಹೆಚ್ಚಿನ ಖಂಡಗಳಿಗೆ ಎರಡೆರಡು ಜೊತೆ ಕಾಲುಗಳಿರುವುದರಿಂದ ಸುಲಭವಾಗಿ ಗುರುತಿಸಬಹುದು.

ಇನ್ನು ನೀರಿನ ವಿಷಯ. ಕೀಟಗಳ ಮೈಮೇಲೆ ಮೇಣದ ತೆಳುಪದರವಿದ್ದು ದೇಹದ ನೀರು ಸುಲಭವಾಗಿ ಆವಿಯಾಗದಂತೆ ತಡೆಯುತ್ತದೆ. ವುಡ್‌ಲೌಸಿನ ಸುಣ್ಣ ಬೆರೆತ ಕವಚದಲ್ಲಿ ಅಂಥ ದಕ್ಷ ಪದರವಿಲ್ಲ. ಉಸಿರಾಟಕ್ಕೆ ಅದು ಬಳಸುವುದು ಹೊಟ್ಟೆಯ ಕೆಳಗಿನ ಎಲೆಯಾಕಾರದ ಅವಯವಗಳನ್ನು, ಅಂದರೆ ಪೂರ್ವಜರ ಕಿವಿರಿನ ಪರಿವರ್ತಿತ ರೂಪವನ್ನು. ದೊಡ್ಡ ಜಾತಿಗಳಲ್ಲಿ ಈ ಅವಯವಗಳೊಳಗೆ ಶ್ವಾಸಕೋಶದಂಥ ಕವಲುನಾಳಗಳಿದ್ದು, ಹೊರಗಿನಿಂದ ಬಿಳಿ ಮಚ್ಚೆಗಳಾಗಿ ಕಾಣುತ್ತವೆ. ಮಣ್ಣಿನ ಸಣ್ಣ ಜಾತಿಗಳಲ್ಲಿ ಅನೇಕಕ್ಕೆ ಅದೂ ಇಲ್ಲ, ಒದ್ದೆಯಾದ ತೆಳುಪೊರೆಯ ಮೂಲಕವೇ ಆಮ್ಲಜನಕ ಒಳಗೆ ಹೋಗಬೇಕು. ಪೊರೆ ಒಣಗಿದರೆ ಉಸಿರಾಟ ನಿಲ್ಲುತ್ತದೆ. ದೇಹದ ಸಾರಜನಕ ತ್ಯಾಜ್ಯವನ್ನು ಸಹ ಇವು ಮೂತ್ರವಾಗಿ ಅಲ್ಲದೆ ಬಹುಪಾಲು ಅಮೋನಿಯಾ ಅನಿಲವಾಗಿ ಹೊರಬಿಡುತ್ತವೆ. ತುಂಬ ದಟ್ಟವಾದ ಹಿಂಡಿರುವ ಮುಚ್ಚಿದ ಡಬ್ಬಿಯನ್ನು ತೆರೆದರೆ ಆ ಘಾಟು ನಮ್ಮ ಮೂಗಿಗೂ ತಿಳಿಯುತ್ತದೆ. ಚಿಕ್ಕ ದೇಹಕ್ಕೆ ಗಾತ್ರಕ್ಕಿಂತ ಮೇಲ್ಮೈ ಹೆಚ್ಚಾದ್ದರಿಂದ, ಮೂರು ಮಿಲಿಮೀಟರಿನ ಜೀವಿ ಹನ್ನೆರಡು ಮಿಲಿಮೀಟರಿನದಕ್ಕಿಂತ ಬಹಳ ಬೇಗ ಒಣಗುತ್ತದೆ. ಹಾಗಾಗಿ ಬೂದು ಜಾತಿ ರಾತ್ರಿಯ ಹೊತ್ತು ಬಯಲಿಗೆ ಬಂದು ಓಡಾಡಬಲ್ಲದು, ಬಿಳಿಯದಕ್ಕೆ ಆ ಸಾಹಸ ಸಾಧ್ಯವಿಲ್ಲ.

ತೇವ ಹುಡುಕುವ ಅದರ ಕ್ರಮ ತೀರ ಸರಳವಾದದ್ದು. ಒಣ ಗಾಳಿಯಲ್ಲಿ ಹೆಚ್ಚು ಓಡುತ್ತದೆ, ಒದ್ದೆ ಗಾಳಿಯಲ್ಲಿ ನಿಧಾನಿಸುತ್ತದೆ ಅಥವಾ ನಿಲ್ಲುತ್ತದೆ. ದಿಕ್ಕು ತಿಳಿಯದಿದ್ದರೂ ಕೊನೆಗೆ ಎಲ್ಲವೂ ಒದ್ದೆಯಿರುವ ಕಡೆಯೇ ಉಳಿಯುತ್ತವೆ. ಅಗಲವಾದ ತಟ್ಟೆಯ ಒಂದು ಬದಿಗೆ ನೆನೆಸಿದ ಇಟ್ಟಿಗೆಯ ಚೂರು, ಇನ್ನೊಂದು ಬದಿಗೆ ಒಣ ಚೂರು ಇಟ್ಟು, ನಡುವೆ ಹತ್ತಿಪ್ಪತ್ತನ್ನು ಬಿಟ್ಟು ಮೇಲೆ ಮುಚ್ಚಿದರೆ ಅರ್ಧ ಗಂಟೆಯೊಳಗೆ ಇದನ್ನು ಕಣ್ಣಾರೆ ನೋಡಬಹುದು. ಒದ್ದೆಯ ಜಾಗ ಸಾಲದಿದ್ದಾಗ ಒಂದರ ಮೇಲೊಂದು ಗುಂಪುಗೂಡುತ್ತವೆ. ಗುಂಪಿನಲ್ಲಿರುವಾಗ ಪ್ರತಿಯೊಂದೂ ಕಳೆದುಕೊಳ್ಳುವ ನೀರು ಕಡಿಮೆ ಎಂಬುದನ್ನು ಅಮೆರಿಕದ ಜೀವಿವಿಜ್ಞಾನಿ ಆಲೀ 1926ರಷ್ಟು ಹಿಂದೆಯೇ ಬರೆದಿದ್ದಾರೆ. ನಿಮ್ಮ ಕುಂಡದಡಿಯ ‘ರಾಶಿ’ಯನ್ನು ನೋಡಿ ಹಿತ್ತಲೆಲ್ಲ ಅಷ್ಟೇ ದಟ್ಟವಾಗಿದೆ ಎಂದು ಲೆಕ್ಕ ಹಾಕಬಾರದು.

ಈಗ ಬೇಸಿಗೆಯ ಪ್ರಶ್ನೆ. ಸಾಮಾನ್ಯವಾಗಿ ನಾವು ಗಿಡ ಬಾಡುವುದನ್ನು ನೋಡಿ ಮಣ್ಣು ಒಣಗಿದೆ ಎನ್ನುತ್ತೇವೆ. ಆದರೆ ಗಿಡದ ಒಣಗುವಿಕೆಯೂ ವುಡ್‌ಲೌಸಿನ ಒಣಗುವಿಕೆಯೂ ಒಂದೇ ಅಳತೆಯವಲ್ಲ. ಬೆಳೆಯ ಬೇರು ಇನ್ನು ನೀರು ಹೀರಲಾರದೆ ಶಾಶ್ವತವಾಗಿ ಬಾಡುವ ಹಂತ ಎಂದು ಮಣ್ಣುವಿಜ್ಞಾನ ಗುರುತಿಸುವ ಹಂತದಲ್ಲಿಯೂ ಮಣ್ಣಿನ ರಂಧ್ರಗಳಲ್ಲಿರುವ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 99 ಶೇಕಡಾ ಇರುತ್ತದೆ. ಹಿಡಿಯಲ್ಲಿ ಹಿಡಿದರೆ ಪುಡಿಪುಡಿಯಾಗುವ, ನಾವು ಒಣ ಮಣ್ಣೆಂದು ಕರೆಯುವ ಆ ಮಣ್ಣಿನೊಳಗಿನ ಗಾಳಿ ಈ ಜೀವಿಯ ಪಾಲಿಗೆ ಬಹುತೇಕ ಮಳೆಗಾಲದ್ದೇ. ನಿಜವಾಗಿ ಮಾರಕವಾಗುವಷ್ಟು ಒಣಗುವುದು ಬಿಸಿಲಿಗೆ ಮತ್ತು ಹೊರಗಾಳಿಗೆ ನೇರವಾಗಿ ಮೈಯೊಡ್ಡಿದ ಮೇಲಿನ ಕೆಲವು ಅಂಗುಲಗಳ ಪದರ ಮಾತ್ರ. ಅದರ ಕೆಳಗೆ ತಾಪಮಾನವೂ ಶಾಂತವಾಗುತ್ತ ಹೋಗುತ್ತದೆ. ಒಂದಡಿಗಿಂತ ಕೆಳಗೆ ಹಗಲು ರಾತ್ರಿಯ ಏರಿಳಿತ ಬಹುಪಾಲು ಅಳಿಸಿಹೋಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಧಾರವಾಡದ ಅಂಗಳದ ಬರಿಮಣ್ಣು ಬರಿಗಾಲಿಡಲಾರದಷ್ಟು ಕಾದಿದ್ದರೂ ಮಾವಿನ ನೆರಳಿನಲ್ಲಿ, ಎಲೆಯ ಹೊದಿಕೆಯ ಕೆಳಗೆ, ಮೊಣಕೈಯುದ್ದ ಆಳದಲ್ಲಿ ಬೇರೆಯೇ ಹವೆ ಇರುತ್ತದೆ.

ಆದರೆ ಅಲ್ಲಿಗೆ ಹೋಗಲು ದಾರಿ ಬೇಕು. ಉತ್ತರ ಆಫ್ರಿಕಾ ಮತ್ತು ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಹೆಮಿಲೆಪಿಸ್ಟಸ್ ರಿಯೋಮುರಿ ಎಂಬ ಜಾತಿ ತಾನೇ ಬಿಲ ತೋಡಿ, ಗಂಡು ಹೆಣ್ಣು ಮರಿಗಳೊಂದಿಗೆ ಕುಟುಂಬವಾಗಿ ಅದನ್ನು ಕಾಯುತ್ತ ಬೇಸಿಗೆ ಕಳೆಯುವುದು ಪ್ರಸಿದ್ಧವಾದ ಸಂಗತಿ, ಅದು ಅಪವಾದ. ಮಣ್ಣಿನ ಸಣ್ಣ ಜಾತಿಗಳಿಗೆ ತೋಡುವ ಬಲವಿಲ್ಲ. ಸತ್ತು ಕೊಳೆತ ಬೇರು ಬಿಟ್ಟುಹೋದ ಕೊಳವೆ, ಎರೆಹುಳುವಿನ ಸುರಂಗ, ಇರುವೆ ಗೆದ್ದಲುಗಳ ಹಾದಿ, ಕಲ್ಲಿನ ಬದಿಗೆ ಉಳಿಯುವ ಸಂದು, ಇವನ್ನೇ ಬಳಸಿಕೊಂಡು ಇಳಿಯಬೇಕು. ಹಳೆಯ ಮಾವಿನ ಮರದ ಬುಡದಲ್ಲಿ ಇಂಥ ದಾರಿಗಳಿಗೆ ಕೊರತೆಯಿಲ್ಲ. ನಿಮ್ಮ ಹಿತ್ತಲು ಧಾರವಾಡದ ದಿಣ್ಣೆ ಭಾಗಗಳಲ್ಲಿರುವಂತೆ ಗರಸು ಬೆರೆತ ಕೆಂಪು ಮಸಾರಿ ಮಣ್ಣಿನದಾಗಿದ್ದರೆ ಇನ್ನೂ ಅನುಕೂಲ, ಏಕೆಂದರೆ ಆ ಮಣ್ಣು ಒದ್ದೆಯಾದಾಗ ಉಬ್ಬಿ ಮುಚ್ಚಿಕೊಳ್ಳುವುದಿಲ್ಲ, ಒಣಗಿದಾಗ ದೊಡ್ಡದಾಗಿ ಬಿರಿಯುವುದೂ ಇಲ್ಲ. ಕುಂಡಕ್ಕೆ ಮಾತ್ರ ಆಳವೆಂಬುದೇ ಇಲ್ಲ. ನಾಲ್ಕೂ ಬದಿಯಿಂದ ಕಾಯುವ ಆ ಹಿಡಿಮಣ್ಣಿಗೆ ವಾರಗಟ್ಟಲೆ ನೀರು ತಪ್ಪಿದರೆ ತಳದವರೆಗೂ ಒಣಗುತ್ತದೆ. ಮನೆಯವರು ದಿನವೂ ನೀರು ಹಾಕುವ ತುಳಸಿ ಕಟ್ಟೆಯಲ್ಲಿ, ಬಚ್ಚಲು ನೀರು ಹರಿಯುವ ಬಾಳೆಯ ಬುಡದಲ್ಲಿ ಮೇ ತಿಂಗಳಲ್ಲಿಯೂ ಇವು ಸಿಗುವುದುಂಟು. ಶಿವರಾತ್ರಿಯ ನಂತರ ಅಲ್ಲೊಮ್ಮೆ ಕೆದಕಿ ನೋಡಿ.

ವರ್ಷದ ಚಕ್ರವನ್ನು ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳಿದರೆ ನಿಮಗೆ ಹೋಲಿಸಿ ನೋಡಲು ಸುಲಭ. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಿಂಚಿನ ಅಡ್ಡಮಳೆ ಒಂದು ಗಂಟೆ ಬಿರುಸಾಗಿ ಸುರಿದು ನಿಂತರೆ ಮೇಲ್ಪದರ ಒಂದೆರಡು ದಿನ ನೆನೆದು ಮತ್ತೆ ಒಣಗುತ್ತದೆ. ಬೂದು ಜಾತಿ ಅಂಥ ರಾತ್ರಿಗಳಲ್ಲಿ ಹೊರಬಂದು ತಿಂದು ಹೋಗುತ್ತದೆ. ಕೆಳಗಿರುವ ಬಿಳಿಯದಕ್ಕೆ ಆ ನೀರು ತಲುಪುವ ಮೊದಲೇ ಮೇಲ್ಗಡೆ ಒಣಗಿರುತ್ತದೆ. ಜೂನ್ ಮೊದಲ ವಾರದ ನಂತರ ಮೃಗಶಿರ, ಆಮೇಲೆ ಆರಿದ್ರಾ ಹಿಡಿದು, ಮೇಲಿನ ಒದ್ದೆ ಕೆಳಗಿನ ಒದ್ದೆಯನ್ನು ಮುಟ್ಟಿದಾಗ ಮಾತ್ರ ಅದಕ್ಕೆ ಮೇಲಕ್ಕೆ ಬರುವ ದಾರಿ ಪೂರ್ತಿಯಾಗಿ ತೆರೆಯುತ್ತದೆ. ಮೊದಲ ಮಳೆಗೂ ಬಿಳಿ ಹುಳುಗಳು ಕಾಣುವುದಕ್ಕೂ ನಡುವೆ ನೀವು ಗಮನಿಸಿರಬಹುದಾದ ಅಂತರ ಇದರಿಂದ ಆದದ್ದು. ಮಳೆ ತಡವಾದ ವರ್ಷ ಅವೂ ತಡ. ಪಂಚಾಂಗದ ದಿನಾಂಕವನ್ನು ಅವು ಕಾಯುವುದಿಲ್ಲ.

ಮೇಲೆ ಬಂದಾಗ ಊಟವೂ ಸಿದ್ಧವಾಗಿರುತ್ತದೆ, ಮತ್ತು ಇದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವಾಗಿ ಕಾಣುವ ಭಾಗ. ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸುತ್ತದೆ. ಮಾವು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತಲೇ ಇರುತ್ತದೆ. ಒಣ ತಿಂಗಳುಗಳಲ್ಲಿ ಈ ಎಲೆ ಕೊಳೆಯದೆ ಹಾಗೆಯೇ ಬಿದ್ದಿರುತ್ತದೆ. ವುಡ್‌ಲೌಸ್ ಹೊಸದಾಗಿ ಉದುರಿದ ಎಲೆಯನ್ನು ಇಷ್ಟಪಡುವುದಿಲ್ಲ. ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಅದರ ಒಗರು ಅಂಶವನ್ನು ಕಳೆದು ಮೆತ್ತಗೆ ಮಾಡಿದ ಮೇಲೆಯೇ ಅದಕ್ಕೆ ಹಿಡಿಸುವುದು. ಮಳೆ ಬಿದ್ದು ಶಿಲೀಂಧ್ರ ಹಬ್ಬಿದ ಕೆಲವು ವಾರಗಳಲ್ಲಿ ಹೊಂಗೆಯ ಎಲೆ ಜಾಲರಿಯಾಗುತ್ತದೆ, ದಪ್ಪನೆಯ ಮಾವಿನ ಎಲೆ ಹೆಚ್ಚು ಕಾಲ ಹಿಡಿಯುತ್ತದೆ. ಮಣ್ಣಿಗೆ ತಾಗಿದ ಕೆಳಪದರದ ಎಲೆಯೊಂದನ್ನು ಬೆಳಕಿಗೆ ಹಿಡಿದರೆ ನಾಳಗಳಷ್ಟೇ ಉಳಿದು ನಡುವಿನ ಹಾಳೆ ಮಾಯವಾಗಿರುವುದು ಕಾಣುತ್ತದೆ. ಆ ಕೆಲಸದಲ್ಲಿ ಎರೆಹುಳು, ಸಹಸ್ರಪದಿಗಳ ಜೊತೆ ಇವುಗಳ ಪಾಲೂ ಇದೆ. ತಮ್ಮ ಹಿಕ್ಕೆಯನ್ನು ತಾವೇ ಮತ್ತೆ ತಿನ್ನುವ ಅಭ್ಯಾಸವೂ ಇವಕ್ಕುಂಟು, ಅದರಲ್ಲಿ ಬೆಳೆದ ಸೂಕ್ಷ್ಮಜೀವಿಗಳೂ ಉಳಿದ ಪೋಷಕಾಂಶಗಳೂ ಎರಡನೆಯ ಬಾರಿಗೆ ದಕ್ಕುತ್ತವೆ. ಏಡಿಯಂತೆ ಇವುಗಳ ರಕ್ತದಲ್ಲಿಯೂ ಆಮ್ಲಜನಕ ಹೊರುವ ವಸ್ತು ತಾಮ್ರದ್ದು. ಒಣಗಿದ ಎಲೆಯಲ್ಲಿ ತಾಮ್ರ ಅಲ್ಪವಾದ್ದರಿಂದ ಅದನ್ನು ದೇಹದಲ್ಲಿ ಕೂಡಿಡುವುದರಲ್ಲಿ ಇವು ಜಿಪುಣರು. ಅದೇ ಗುಣದಿಂದ ಸೀಸ, ಕ್ಯಾಡ್ಮಿಯಂಗಳನ್ನೂ ಕೂಡಿಡುತ್ತವೆಯಾದ್ದರಿಂದ ಮಣ್ಣಿನ ಮಾಲಿನ್ಯ ಅಳೆಯಲು ಹಲವು ದೇಶಗಳಲ್ಲಿ ಇವನ್ನು ಬಳಸಿದ್ದಾರೆ.

ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಯ ಜಿಟಿಜಿಟಿ ದಿನಗಳಲ್ಲಿ, ಮೋಡ ಮುಚ್ಚಿ ಬಿಸಿಲೇ ಇಲ್ಲದಿರುವಾಗ, ಹಗಲಿನಲ್ಲಿಯೂ ಎಲೆಯ ಮೇಲ್ಪದರದವರೆಗೆ ಬರುತ್ತವೆ. ಮೊಟ್ಟೆಚೀಲ ಹೊತ್ತ ಹೆಣ್ಣುಗಳು ಹೆಚ್ಚಾಗಿ ಕಾಣುವುದೂ ಹುಲುಸಾದ ಈ ತಿಂಗಳುಗಳಲ್ಲಿ. ಬ್ರಿಟನ್ನಿನ ಪುಸ್ತಕಗಳಲ್ಲಿ ಸಂತಾನ ಕಾಲವನ್ನು ವಸಂತದ ಉದ್ದನೆಯ ಹಗಲಿಗೆ ಮತ್ತು ಬೆಚ್ಚನೆಯ ಹವೆಗೆ ಜೋಡಿಸಿ ಬರೆದಿರುವುದನ್ನು ಓದಿದವರು ಅದನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಬಾರದು. ಅಲ್ಲಿ ಚಳಿ ಅಡ್ಡಿ, ಇಲ್ಲಿ ಒಣಹವೆ ಅಡ್ಡಿ. ಒಮ್ಮೆಲೇ ಸುರಿದ ಜೋರು ಮಳೆಯ ಮರುಬೆಳಗ್ಗೆ ಗೋಡೆಯ ಮೇಲೆ, ಫರ್ಸಿಯ ಮೇಲೆ ಹತ್ತಿ ಕುಳಿತವು ಕಂಡರೆ ಅದಕ್ಕೆ ಕಾರಣ ಬೇರೆ: ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಗಾಳಿ ಹೊರಗೆ ತಳ್ಳಲ್ಪಟ್ಟಿದೆ. ಕಿವಿರಿನ ವಂಶದವಾದರೂ ಇವು ನೀರಿನಲ್ಲಿ ಬಹಳ ಹೊತ್ತು ಮುಳುಗಿರಲಾರವು.

ಮಘ, ಹುಬ್ಬದ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟರೆ ಒಂದೆರಡು ಅಂಗುಲ ಕೆಳಗಿಳಿದು, ಹಿಂಗಾರಿನ ಉತ್ತರ, ಹಸ್ತ, ಚಿತ್ತ ಮಳೆಗೆ ಮತ್ತೆ ಮೇಲೇರುತ್ತವೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಎಲೆ ಸರಿಸಿದರೆ ಎಲ್ಲ ಗಾತ್ರದವೂ ಒಟ್ಟಿಗೆ ಸಿಗುವುದರಿಂದ ಬೆಳವಣಿಗೆಯನ್ನು ಗಮನಿಸಲು ಅದು ಒಳ್ಳೆಯ ಸಮಯ. ಅದೃಷ್ಟವಿದ್ದರೆ ಅರ್ಧ ಮೈ ಅಚ್ಚಬಿಳುಪಾಗಿ, ಅರ್ಧ ಮಂಕಾಗಿರುವ ಒಂದನ್ನು ನೋಡಬಹುದು. ಅದು ರೋಗವಲ್ಲ. ವುಡ್‌ಲೌಸ್ ಪೊರೆಯನ್ನು ಒಮ್ಮೆಗೇ ಕಳಚುವುದಿಲ್ಲ. ಮೊದಲು ಹಿಂಭಾಗದ ಪೊರೆ ಬಿಟ್ಟು, ಒಂದೆರಡು ದಿನದ ಮೇಲೆ ಮುಂಭಾಗದ್ದನ್ನು ಬಿಡುತ್ತದೆ. ಅದಕ್ಕೆ ಮುಂಚೆ ಹಳೆಯ ಕವಚದ ಸುಣ್ಣವನ್ನು ಹೀರಿ ಎದೆಯ ಮುಂಭಾಗದ ಕೆಳಗೆ ಬಿಳಿ ಫಲಕಗಳಾಗಿ ಕೂಡಿಟ್ಟುಕೊಂಡಿರುತ್ತದೆ, ಬಿಟ್ಟ ಪೊರೆಯನ್ನೂ ಸಾಮಾನ್ಯವಾಗಿ ತಿಂದು ಮುಗಿಸುತ್ತದೆ. ಸುಣ್ಣ ಅಷ್ಟು ಬೆಲೆಯುಳ್ಳದ್ದು.

ನವೆಂಬರಿನಿಂದ ಮೇಲ್ಪದರ ಒಣಗುತ್ತ ಬರುತ್ತದೆ. ಡಿಸೆಂಬರ್, ಜನವರಿಯ ಇಬ್ಬನಿ ಬೆಳಗುಗಳಲ್ಲಿ ಎಲೆಯ ಕೆಳಗೆ ಕೆಲವು ಕಾಣಬಹುದು; ನಮ್ಮ ಚಳಿ ಅವಕ್ಕೆ ಅಪಾಯಕಾರಿಯಲ್ಲ, ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೆ. ಫೆಬ್ರವರಿಯ ಒಣಗಾಳಿ ಬೀಸಿದ ಮೇಲೆ ಮೇಲ್ಗಡೆ ಹುಡುಕುವುದು ವ್ಯರ್ಥ. ಹಿತ್ತಲನ್ನು ಗುಡಿಸಿ ಎಲೆಗೆ ಬೆಂಕಿ ಇಡುವ ಪದ್ಧತಿ ಇರುವ ಮನೆಗಳಲ್ಲಿ ಜೂನ್ ಬಂದರೂ ಇವು ಕಡಿಮೆ, ಏಕೆಂದರೆ ಬೇಸಿಗೆಯಲ್ಲಿ ನೆಲಕ್ಕೆ ಹೊದಿಕೆಯೂ ಇಲ್ಲ, ಮಳೆಗಾಲಕ್ಕೆ ಊಟವೂ ಇಲ್ಲ.

ನವಲಗುಂದದ ಯರಿ ಹೊಲಕ್ಕೆ ಬರೋಣ. ಸುಣ್ಣದ ಕೊರತೆ ಅಲ್ಲಿಲ್ಲ; ಯರಿ ಮಣ್ಣನ್ನು ಅಗೆದರೆ ಸುಣ್ಣದ ಹರಳುಗಳು ಧಾರಾಳವಾಗಿ ಸಿಗುತ್ತವೆ. ಮಳೆಯ ಕೊರತೆಯೊಂದೇ ಕಾರಣವೆಂದೂ ಹೇಳಲಾಗದು. ತೊಂದರೆ ಮಣ್ಣಿನ ಚಲನೆಯಲ್ಲಿದೆ. ಯರಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಆಗ ಸಣ್ಣ ದಾರಿಗಳೆಲ್ಲ ಮುಚ್ಚಿಹೋಗಿ ಗಾಳಿಯಾಡದ ಕೆಸರಾಗುತ್ತದೆ. ಒಣಗಿದಾಗ ಕುಗ್ಗಿ, ಕೈ ಇಳಿಯುವಷ್ಟು ಅಗಲದ ಬಿರುಕುಗಳು ಮೂರು ನಾಲ್ಕು ಅಡಿ ಆಳದವರೆಗೆ ಬಾಯಿ ತೆರೆಯುತ್ತವೆ, ಬೇಸಿಗೆಯ ಗಾಳಿ ಆ ಬಿರುಕಿನ ಮೂಲಕ ಆಳದ ತೇವವನ್ನೂ ಹೊರಗೆ ಎಳೆಯುತ್ತದೆ. ಅಂದರೆ ಮಸಾರಿಯಲ್ಲಿ ಮಳೆಗಾಲ ಬೇಸಿಗೆ ಎರಡರಲ್ಲಿಯೂ ಉಳಿಯುವ ಸಣ್ಣ ರಂಧ್ರಗಳ ಜಾಲ ಇಲ್ಲಿ ವರ್ಷಕ್ಕೊಮ್ಮೆ ಅಳಿದು ಹುಟ್ಟುತ್ತದೆ. ಇದರ ಮೇಲೆ ರಂಟೆ, ಕುಂಟೆ ಹೊಡೆಯುವುದಿದೆ. ಜೋಳದ ಕಣಿಕೆ, ಕಡಲೆಯ ಹೊಟ್ಟು ಎಲ್ಲವೂ ದನಕ್ಕೆ ಹೋಗುವುದರಿಂದ ನೆಲದ ಮೇಲೆ ಕೊಳೆಯಲು ಏನೂ ಉಳಿಯುವುದಿಲ್ಲ. ಹೊಲದ ನಡುವೆ ಹುಡುಕುವುದನ್ನು ಬಿಟ್ಟು ಒಡ್ಡಿನ ಮೇಲಿನ ಜಾಲಿ ಗಿಡದ ಬುಡ, ಬದುವಿಗೆ ಒಟ್ಟಿದ ಕಲ್ಲುಗುಂಪು, ಕಾಲುವೆಯ ದಂಡೆ, ಹೊಲದಂಚಿನ ತಿಪ್ಪೆ ಇವನ್ನು ಆಗಸ್ಟಿನಲ್ಲಿ ಕೆದಕಿ ನೋಡಿ.

ಇದೇ ತರ್ಕ ಸುತ್ತಲಿನ ಊರುಗಳಿಗೂ ಅನ್ವಯಿಸುತ್ತದೆ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಗದಗಿನಲ್ಲಿ 600ರಿಂದ 650ರ ಆಸುಪಾಸು. ಆದರೂ ಗದಗ ಜಿಲ್ಲೆಯ ಕಪ್ಪತಗುಡ್ಡದ ಕುರುಚಲು ಕಾಡಿನ ಕಲ್ಲುಗಳ ಕೆಳಗೆ, ಅದಕ್ಕಿಂತ ಹೆಚ್ಚು ಮಳೆ ಬೀಳುವ ಬಯಲು ಹೊಲದಲ್ಲಿ ಇಲ್ಲದಂಥ ಆಸರೆ ಇರುತ್ತದೆ. ಹಾವೇರಿ ಕಡೆಯ ಅಡಿಕೆ, ವೀಳ್ಯದೆಲೆ ತೋಟಗಳಲ್ಲಿ ನೆರಳೂ ನೀರೂ ವರ್ಷವಿಡೀ ಇರುವುದರಿಂದ ಋತುಮಾನದ ಏರಿಳಿತವೇ ಮಂದವಾಗುತ್ತದೆ.

ಬೇರಿನ ವಿಷಯ. ಮಣ್ಣಿನ ಸಣ್ಣ ಬಿಳಿ ಜಾತಿಗಳ ಆಹಾರ ಕೊಳೆತ ಎಲೆ, ಶಿಲೀಂಧ್ರ, ಸತ್ತ ಬೇರು. ಬಾಡಿದ ಗಿಡವನ್ನು ಕಿತ್ತಾಗ ಬೇರಿನ ಸುತ್ತ ಇವು ಮುತ್ತಿರುವುದು ಕಂಡರೆ, ಹೆಚ್ಚಿನ ಸಂದರ್ಭಗಳಲ್ಲಿ ಅತಿಯಾದ ನೀರಿನಿಂದ ಬೇರು ಮೊದಲೇ ಕೊಳೆತಿತ್ತು, ಇವು ಆಮೇಲೆ ಬಂದವು. ದೊಡ್ಡ ಜಾತಿಗಳು ಮೊಳಕೆಯ ಎಳೆ ದಂಟನ್ನೋ, ನೆಲಕ್ಕೆ ತಾಗಿದ ಹಣ್ಣನ್ನೋ ಕಡಿಯುವುದು ನಿಜ. ಹಿಂದಿನ ಬೆಳೆಯ ಕೂಳೆಯನ್ನು ಹಾಗೆಯೇ ಬಿಟ್ಟು ಉಳುಮೆಯಿಲ್ಲದೆ ಬಿತ್ತುವ ಆಸ್ಟ್ರೇಲಿಯಾ, ಅರ್ಜೆಂಟೀನಾಗಳ ಹೊಲಗಳಲ್ಲಿ ಉಂಡೆಯಾಗುವ ಆರ್ಮಡಿಲಿಡಿಯಂ ವಲ್ಗೇರ್ ಎಂಬ ಜಾತಿ ಕನೋಲಾ, ಸೋಯಾ ಮೊಳಕೆಗಳಿಗೆ ಹಾನಿ ಮಾಡಿರುವುದು ದಾಖಲಾಗಿದೆ. ಹಿತ್ತಲಿನ ಬೆಳೆದ ಗಿಡಗಳಿಗೆ ಆ ಭಯ ಬೇಕಿಲ್ಲ.

ಆದ್ದರಿಂದ ಔಷಧ ಬೇಡ ಎಂಬುದೇ ನನ್ನ ಸ್ಪಷ್ಟ ಸಲಹೆ. ಮಣ್ಣಿಗೆ ಸುರಿದ ಕೀಟನಾಶಕ ಎಲೆ ಕೊಳೆಸುವ ಎಲ್ಲ ಜೀವಿಗಳನ್ನೂ, ಇವನ್ನು ಹಿಡಿದು ತಿನ್ನುವ ಶತಪದಿ, ಜೇಡಗಳನ್ನೂ ಕೊಲ್ಲುತ್ತದೆ; ಬೆಳಗಿನ ಹೊತ್ತು ಉದುರೆಲೆ ಕೆದಕಿ ಹುಳು ಹೆಕ್ಕುವ ಹರಟೆಮಲ್ಲ ಹಕ್ಕಿಗಳ ಹೊಟ್ಟೆಗೂ ಅದು ಸೇರುತ್ತದೆ. ಸಸಿಮಡಿಯಲ್ಲಿ ಮೊಳಕೆ ಕಡಿಯುತ್ತಿದ್ದರೆ ಸಂಜೆ ನೀರು ಹಾಕುವುದನ್ನು ಬಿಟ್ಟು ಬೆಳಿಗ್ಗೆ ಹಾಕಿ, ರಾತ್ರಿಗೆ ಮೇಲ್ಮಣ್ಣು ಆರಿರಲಿ. ಎಲೆಯ ಹೊದಿಕೆಯನ್ನು ಸಸಿಯ ಬುಡದಿಂದ ನಾಲ್ಕು ಬೆರಳು ದೂರ ಇಡಿ. ಅರ್ಧ ಕೊಯ್ದ ಆಲೂಗಡ್ಡೆಯನ್ನು ಸ್ವಲ್ಪ ತೋಡಿ, ಕೊಯ್ದ ಬದಿ ಕೆಳಗಾಗುವಂತೆ ರಾತ್ರಿ ಮಡಿಯಲ್ಲಿಟ್ಟರೆ ಬೆಳಿಗ್ಗೆ ಅದರಡಿ ಸೇರಿದವನ್ನು ಎತ್ತಿ ಕಾಂಪೋಸ್ಟ್ ಗುಂಡಿಗೆ ಕೊಡವಬಹುದು, ಅಲ್ಲಿ ಅವು ಕೆಲಸಕ್ಕೆ ಬರುತ್ತವೆ. ಕುಂಡದಲ್ಲಿ ಸಂಖ್ಯೆ ಮಿತಿಮೀರಿದೆ ಎನಿಸಿದರೆ ಅದು ನೀವು ಹಾಕುತ್ತಿರುವ ನೀರು ಹೆಚ್ಚಾಗಿರುವುದರ ಸೂಚನೆ. ತಳದ ತೂತು ಮುಚ್ಚಿಕೊಂಡಿದೆಯೇ ನೋಡಿ.

ಜಾತಿಯ ಖಚಿತವಾದ ಹೆಸರು ಬೇಕೆಂದರೆ ಮೊಬೈಲಿನ ಚಿತ್ರ ಸಾಲದು, ಏಕೆಂದರೆ ಈ ಗುಂಪಿನಲ್ಲಿ ಜಾತಿಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಗಂಡಿನ ಹೊಟ್ಟೆಯಡಿಯ ಮೊದಲೆರಡು ಜೊತೆ ಅವಯವಗಳ ಆಕಾರದಿಂದ, ಅದೂ ಸೂಕ್ಷ್ಮದರ್ಶಕದ ಕೆಳಗೆ. ಒಂದೇ ಜಾಗದಿಂದ ಬೇರೆ ಬೇರೆ ಗಾತ್ರದ ಹತ್ತು ಹನ್ನೆರಡನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಹಾಕಿ, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಇಡಿ: ಊರು, ದಿನಾಂಕ, ಮಣ್ಣಿನ ಬಗೆ, ಮೇಲಿದ್ದ ಮರ, ಎಷ್ಟು ಅಂಗುಲ ಆಳದಲ್ಲಿ ಸಿಕ್ಕಿತು ಎಂಬುದು. ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಆಳದ ಅಂಕಿಯನ್ನು ಜನ ಸಾಮಾನ್ಯವಾಗಿ ಬರೆಯುವುದಿಲ್ಲ. ಜೂನ್, ಸೆಪ್ಟೆಂಬರ್ ಮತ್ತು ಮಾರ್ಚ್ ತಿಂಗಳುಗಳಲ್ಲಿ ಅದೇ ಮಾವಿನ ಬುಡದಲ್ಲಿ ಅಳತೆಪಟ್ಟಿ ಹಿಡಿದು ಬರೆದಿಟ್ಟರೆ ನಿಮ್ಮ ಹಿತ್ತಲಿನಲ್ಲಿ ಅವು ಎಷ್ಟು ಇಳಿದು ಎಷ್ಟು ಏರುತ್ತವೆ ಎಂಬುದು ಒಂದೇ ವರ್ಷದಲ್ಲಿ ನಿಮ್ಮ ಕೈಯಲ್ಲಿರುತ್ತದೆ.